ಪುಟದ ಕೆಳಗಿನ ಎರಡು ಗೆರೆ

"ನೋಡ್ರಿ ಟೀಚರ್, ಆದ್ರ ಮುಟ್ಟಬ್ಯಾಡ್ರಿ," ಎನ್ನುತ್ತ ಸಬ್ ಇನ್ಸ್‌ಪೆಕ್ಟರ್ ಬಾಗಿ ಎಂಬಾತ ಪ್ಲಾಸ್ಟಿಕ್ ಲಕೋಟೆಯನ್ನು ಠಾಣೆಯ ಮೇಜಿನ ಮೇಲೆ ವನಮಾಲಾಳತ್ತ ಸರಿಸಿದ.

ಲಕೋಟೆಯೊಳಗೆ ನಾಲ್ಕಾಗಿ ಮಡಚಿ ಬಿಡಿಸಿದ ಒಂದು ಹಾಳೆಯಿತ್ತು. ಹನ್ನೊಂದು ದಿನಗಳ ಹಿಂದೆ, ಕಲ್ಯಾಣ ಪಶ್ಚಿಮದ ಏಳು ಮಾಳಿಗೆಯ ಕಟ್ಟಡದ ಟೆರೇಸಿನಿಂದ ಬಿದ್ದು ಸತ್ತ ಅನಂತರಾಮರ ಅಂಗಿಯ ಕಿಸೆಯಲ್ಲಿ ದೊರೆತದ್ದು ಇದೊಂದೇ. ಪೊಲೀಸರು ಇದನ್ನು ಆತ್ಮಹತ್ಯೆಯ ಪತ್ರವೆಂದು ಬರೆದುಕೊಂಡಿದ್ದರು.

ವನಮಾಲಾ ಕನ್ನಡಕ ಏರಿಸಿಕೊಂಡಳು. ಅನಂತರಾಮರು ಅವಳ ವಿದ್ಯಾರ್ಥಿ. ಅರವತ್ತಾರು ವರ್ಷದ, ನಿವೃತ್ತ ವಿದ್ಯಾರ್ಥಿ. ತಾನು ಕೆಲಸ ಮಾಡುತ್ತಿದ್ದ ಕನ್ನಡ ಮಾಧ್ಯಮ ಶಾಲೆಯ ಕೊನೆಯ ತರಗತಿಯೂ ಮಕ್ಕಳಿಲ್ಲದೆ ಮುಚ್ಚಿಹೋದ ಮೇಲೆ, ಡೊಂಬಿವಲಿಯ ಕನ್ನಡ ಸಂಘದ ಮೊದಲ ಮಹಡಿಯಲ್ಲಿ ಪ್ರತಿ ಭಾನುವಾರ ಅವಳು ದೊಡ್ಡವರಿಗೆ ಕಥೆ ಬರೆಯುವುದನ್ನು ಕಲಿಸುತ್ತಿದ್ದಳು. ಹನ್ನೆರಡು ಮಂದಿ ಬರುತ್ತಿದ್ದರು. ಈಗ ಹನ್ನೊಂದು.

ಆ ಕೈಬರಹವನ್ನು ಕಂಡಾಗಲಾದರೂ ಅಳು ಬಂದೀತೆಂದು ರೈಲಿನ ದಾರಿಯುದ್ದಕ್ಕೂ ಎಣಿಸಿಕೊಂಡು ಬಂದಿದ್ದಳು. ಬರಲಿಲ್ಲ. ಸುದ್ದಿ ಕೇಳಿದ ದಿನದಿಂದಲೂ ಹೀಗೆಯೇ. ಹಲ್ಲಿನ ವೈದ್ಯರು ಸೂಜಿ ಚುಚ್ಚಿದ ಮೇಲೆ ಅರ್ಧ ಮುಖ ಬೇರೆಯವರದೆನಿಸುವ ಹಾಗೆ, ಅವಳೊಳಗಿನ ಒಂದು ಭಾಗ ಅವಳ ಮಾತು ಕೇಳುವುದನ್ನು ನಿಲ್ಲಿಸಿತ್ತು.

"ನಿಮಗೆ ಕನ್ನಡ ಬರುತ್ತದಲ್ಲ," ಎಂದಳು.

"ಮಾತಾಡ್ಲಿಕ್ಕೆ ಬರ್ತದ್ರಿ. ನಮ್ಮ ಅಜ್ಜಿ ವಿಜಾಪುರದಾಕಿ. ಆದ್ರ ಸಾಲಿ ಎಲ್ಲಾ ಮರಾಠಿ. ಓದ್ಲಿಕ್ಕ ಒಂದಕ್ಷರ ಬರಂಗಿಲ್ಲ." ಬಾಗಿ ನಕ್ಕ. "ಹಿಂಗಾಗಿ ನಿಮ್ಮ ಸಂಘದವರನ್ನೇ ಕರೆಸಿ ಮರಾಠಿ ಮಾಡಿಸೇನಿ. ಇಲ್ಲೇ ಅದ ನೋಡ್ರಿ."

ಅವಳು ಮೊದಲು ಕನ್ನಡದ ಹಾಳೆಯನ್ನೇ ಓದಿದಳು.

'ಊರೆಲ್ಲ ಏಳುವ ಮೊದಲು ಎದ್ದೆ. ಊರೆಲ್ಲ ಉಂಡ ಮೇಲೆ ಉಂಡೆ. ಇಷ್ಟು ವರ್ಷಗಳಲ್ಲಿ ನೀನು ನನ್ನ ಒಂದು ಮಾತನ್ನೂ ಕೊನೆಯವರೆಗೆ ಕೇಳಲಿಲ್ಲ. ಇನ್ನು ಹೇಳುವುದೂ ಇಲ್ಲ. ನನ್ನ ತಟ್ಟೆ ಇಡಬೇಡ. ಹುಡುಕಬೇಡ, ಅಳಬೇಡ. ನಿನ್ನ ಮೇಲೆ ಸಿಟ್ಟಿಲ್ಲ. ನನಗೆ ಏನೂ ಇಲ್ಲ.'

ಅಕ್ಷರ ಅನಂತರಾಮರದೇ, ದುಂಡಗೆ, ಒಂದಕ್ಕೊಂದು ತಾಗದಂತೆ. ಅನುಮಾನವೇ ಇಲ್ಲ. ಹೆಂಡತಿ ಸುಬ್ಬಲಕ್ಷ್ಮಿಯೂ ಅದನ್ನೇ ಗುರುತಿಸಿ ಸಹಿ ಮಾಡಿದ್ದರು.

ವನಮಾಲಾಳ ಕಣ್ಣು ಪುಟದ ಕೆಳಗಿನ ಎಡಮೂಲೆಗೆ ಇಳಿದು ಅಲ್ಲಿಯೇ ನಿಂತಿತು. ಉಗುರಿನಷ್ಟು ಉದ್ದದ ಎರಡು ಓರೆ ಗೆರೆಗಳು. ಪಕ್ಕಪಕ್ಕದಲ್ಲಿ.

"ಇದೇನೆಂದು ಕೇಳಿದಿರಾ?"

"ಕೇಳಿದ್ನಿ. ಪೆನ್ನಿನಾಗ ಮಸಿ ಬರ್ತದೋ ಇಲ್ಲೋ ಅಂತ ಎಳೆದು ನೋಡಿದ್ದು ಅಂದ್ರು."

"ಯಾರು ಅಂದರು?"

ಬಾಗಿ ಮರಾಠಿ ಅನುವಾದದ ಕೊನೆಯಲ್ಲಿದ್ದ ಸಹಿಯ ಮೇಲೆ ಬೆರಳಿಟ್ಟ. ಪುಂಡರೀಕಾಕ್ಷ ರಾವ್.

ವನಮಾಲಾ ಮತ್ತೊಮ್ಮೆ ಆ ಗೆರೆಗಳನ್ನು ನೋಡಿದಳು. ಅವುಗಳ ಅರ್ಥ ಈ ಭೂಮಿಯ ಮೇಲೆ ಹದಿಮೂರು ಜನರಿಗೆ ಗೊತ್ತಿತ್ತು. ಒಬ್ಬರು ಸತ್ತಿದ್ದರು. ಒಬ್ಬಳು ಇಲ್ಲಿ ಕುಳಿತಿದ್ದಳು. ಪುಂಡರೀಕಾಕ್ಷ ರಾಯರು ಉಳಿದವರಲ್ಲೊಬ್ಬರು.

ಅದು ಅವಳ ತರಗತಿಯ ಪದ್ಧತಿ. ಪ್ರತಿ ಭಾನುವಾರ ಎಲ್ಲರೂ ಒಂದು ಪುಟ ಬರೆಯಬೇಕು, ಹೆಸರು ಹಾಕುವಂತಿಲ್ಲ. ಆಮೇಲೆ ಆ ಪುಟ ಎಡಕ್ಕೆ ಕುಳಿತವರ ಕೈಗೆ ಹೋಗುತ್ತದೆ. ಅವರು ಅದನ್ನು ಒಂದಕ್ಷರವೂ ಬದಲಿಸದೆ ತಮ್ಮ ಕೈಯಿಂದ ನಕಲು ಮಾಡಬೇಕು. ಇನ್ನೊಬ್ಬರ ವಾಕ್ಯ ಎಲ್ಲಿ ಉಸಿರು ಬಿಡುತ್ತದೆ, ಎಲ್ಲಿ ಬಿಗಿಹಿಡಿಯುತ್ತದೆ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ, ಕೈಗೆ ತಿಳಿಯುತ್ತದೆ ಎನ್ನುವುದು ಅವಳ ನಂಬಿಕೆ. ನಕಲು ಮಾಡಿದವರು ಕೊನೆಯಲ್ಲಿ ಎರಡು ಗೆರೆ ಎಳೆಯಬೇಕು.

ಎರಡು ಗೆರೆ ಎಂದರೆ: ಅಕ್ಷರ ನನ್ನದು, ಮಾತು ನನ್ನದಲ್ಲ.

"ಹೆಂಡತಿ ಏನು ಹೇಳಿಕೆ ಕೊಟ್ಟಿದ್ದಾರೆ?" ತನ್ನ ದನಿ ಅಷ್ಟು ಸಮನಾಗಿ ಹೊರಬಂದದ್ದು ಅವಳಿಗೇ ವಿಚಿತ್ರವೆನಿಸಿತು.

"ಶನಿವಾರ ಸಂಜೀ ಮುಂದ ಅವರು ಒಬ್ರ ಟೆರೇಸಿಗೆ ಹೋದ್ರಂತ. ಹೆಂಡ್ತಿ ಕೆಳಗ ಮನ್ಯಾಗ ದೇವರ ಮುಂದ ದೀಪ ಹಚ್ಚಾಕತ್ತಿದ್ರಂತ. ಚಿಟ್ಠಿ ಮೊದಲ ನೋಡೇ ಇಲ್ಲ, ಪೊಲೀಸರ ಕೈಯಾಗ ನೋಡಿದ್ದು ಅಂದಾರ." ಬಾಗಿ ಫೈಲು ಮುಚ್ಚಿದ. "ನಾಳೆ ಸಾಹೇಬ್ರ ಟೇಬಲ್ ಮ್ಯಾಲೆ ಹೋಗ್ತದ. ನಿಮಗೇನರ ಡೌಟ್ ಐತೇನ್ರಿ?"

ಕೋಣೆಯಲ್ಲಿ ಓದಿದ್ದು ಕೋಣೆಯ ಹೊರಗೆ ಹೋಗಬಾರದು. ತರಗತಿಯ ಮೊದಲ ದಿನ ಅವಳೇ ಎಲ್ಲರಿಂದ ಪಡೆದ ಮಾತು, ಅವಳೂ ಕೊಟ್ಟ ಮಾತು.

"ಸಂಜೆ ಹೇಳುತ್ತೇನೆ," ಎಂದು ಎದ್ದಳು.

*

ಮಧ್ಯಾಹ್ನದ ಲೋಕಲಿನಲ್ಲಿ ಕಿಟಕಿಯ ಪಕ್ಕವೇ ಜಾಗ ಸಿಕ್ಕಿತು. ವನಮಾಲಾ ಚೀಲದಿಂದ ತರಗತಿಯ ಫೈಲು ತೆಗೆದು ತೊಡೆಯ ಮೇಲಿಟ್ಟುಕೊಂಡಳು.

ಮೂರು ಭಾನುವಾರಗಳ ಹಿಂದಿನ ಅಭ್ಯಾಸ. ಹೇಳದೆ ಮನೆ ಬಿಟ್ಟು ಹೊರಡುವವರು ಊಟದ ಮೇಜಿನ ಮೇಲೆ ಇಟ್ಟುಹೋಗುವ ಚೀಟಿಯನ್ನು ಬರೆಯಿರಿ, ಹತ್ತು ಸಾಲು ಮೀರಬಾರದು ಎಂದು ಅವಳೇ ಹಲಗೆಯ ಮೇಲೆ ಬರೆದಿದ್ದಳು.

"ಟೀಚರ್, ನಮ್ಮನೇಲಿ ಹೇಳ್ದೆ ಬಾತ್‌ರೂಮಿಗೂ ಹೋಗೋ ಹಾಗಿಲ್ಲ ಕಣ್ರೀ," ಎಂದು ಅನಂತರಾಮರು ಕೈಯೆತ್ತಿದ್ದರು. "ಮನೆ ಬಿಡೋದಕ್ಕೆ ಪರ್ಮಿಷನ್ ಲೆಟರ್ ಬರೀಲಾ?"

ಎಲ್ಲರೂ ನಕ್ಕಿದ್ದರು. ಅವರ ಬಲಕ್ಕೆ ಕುಳಿತಿದ್ದ ಪುಂಡರೀಕಾಕ್ಷ ರಾಯರು ಮಾತ್ರ ಆಗಲೇ ತಲೆ ತಗ್ಗಿಸಿ ಬರೆಯತೊಡಗಿದ್ದರು.

ಹನ್ನೆರಡು ಜನ, ಇಪ್ಪತ್ನಾಲ್ಕು ಹಾಳೆ ಇರಬೇಕಿತ್ತು. ಅವಳು ಒಂದೊಂದಾಗಿ ಮಗುಚಿದಳು. ಇಪ್ಪತ್ತೆರಡು.

ಆ ವಾರ ಹಾಳೆಗಳನ್ನು ಒಟ್ಟುಮಾಡಿ ಕೊಟ್ಟವರೂ ರಾಯರೇ. ಎಣಿಸಿ ನೋಡುವ ಅಭ್ಯಾಸ ಅವಳಿಗಿರಲಿಲ್ಲ. ಸಾಹಿತ್ಯದ ತರಗತಿಯಲ್ಲಿ ಕಳ್ಳತನವಾದೀತೆಂದು ಯಾರು ಎಣಿಸುತ್ತಾರೆ?

ಠಾಕುರ್ಲಿ ನಿಲ್ದಾಣ ದಾಟಿತು. ಅವಳಿಗೆ ಸುಬ್ಬಲಕ್ಷ್ಮಿಯ ಮುಖ ನೆನಪಾಯಿತು. ಮೊನ್ನೆ ಮಾತನಾಡಿಸಲು ಹೋದಾಗ ಆಕೆ ಅತ್ತಿರಲಿಲ್ಲ; ಇವಳ ಮಣಿಕಟ್ಟನ್ನು ಮಾತ್ರ ಬಿಗಿಯಾಗಿ ಹಿಡಿದಿದ್ದರು. "ಆ ಕಾಗದದಲ್ಲಿರೋದು ಅವರದ್ದೇ ಮಾತಾ, ಅಲ್ವಾ, ಅಷ್ಟು ನೋಡ್ಕೊಂಡು ಬಂದ್ಬಿಡಿ ವನಮಾಲಾ. ಬರೆಯೋದು ಕಲಿಸಿದವರು ನೀವು. ನಿಮಗೆ ಗೊತ್ತಾಗತ್ತೆ. ಅವರು ನನ್ನ ಬಿಟ್ಟು ಹೋಗ್ಬೇಕು ಅಂತಲೇ ಹೋದ್ರಾ? ಹದಿಮೂರನೇ ದಿನದೊಳಗೆ ನನಗೆ ಗೊತ್ತಾಗ್ಬೇಕು."

ಅನಂತರಾಮರು ಬೆಳಿಗ್ಗೆ ಎಂಟಕ್ಕೆ ಮೊದಲು ಎದ್ದವರಲ್ಲ. ಹನ್ನೆರಡೂವರೆಗೆ ಊಟ ಮುಗಿಸಿ ತೇಗುವವರು. ಊರೆಲ್ಲ ಏಳುವ ಮೊದಲು ಏಳುವವರು, ಊರೆಲ್ಲ ಉಂಡ ಮೇಲೆ ಉಣ್ಣುವವರು ಆ ಕೋಣೆಯಲ್ಲಿ ಒಬ್ಬರೇ ಇದ್ದರು.

ಮರಾಠಿ ಅನುವಾದದಲ್ಲಿ ಆ ಎರಡು ವಾಕ್ಯಗಳ ಜಾಗದಲ್ಲಿ 'ಆಯುಷ್ಯಭರ ಕಷ್ಟ ಕೇಲೇ' ಎಂದಷ್ಟೇ ಇತ್ತು. ಜೀವನವಿಡೀ ಕಷ್ಟಪಟ್ಟೆ. ಯಾರ ಬಾಯಿಗೂ ಹೊಂದುವ ಮಾತು.

*

ಡೊಂಬಿವಲಿ ಪೂರ್ವದ ರಾಯರ ಹೋಟೆಲಿನಲ್ಲಿ ಮೂರೂವರೆಯ ಹೊತ್ತಿಗೆ ಊಟದವರು ಹೋಗಿರುತ್ತಾರೆ, ತಿಂಡಿಯವರು ಬಂದಿರುವುದಿಲ್ಲ. ಗಲ್ಲಾದಲ್ಲಿ ರಾಯರ ಮಗ ಅನೀಶ ಮೊಬೈಲು ನೋಡುತ್ತ ಕುಳಿತಿದ್ದ.

"ಅರೇ ಟೀಚರ್! ಪಪ್ಪಾ ಕಾ ಹೋಮ್‌ವರ್ಕ್ ಬಾಕೀ ಹೈ ಕ್ಯಾ?"

"ಎಲ್ಲಿ ಅವರು?"

"ಅಂದರ್. ಚಟ್ನೀ ಕೇ ಸಾಥ್ ಝಗಡಾ ಚಾಲೂ ಹೈ."

ಚಟ್ನಿಯೊಡನೆ ಜಗಳ ಮುಗಿಸಿದವರಂತೆ ಪುಂಡರೀಕಾಕ್ಷ ರಾಯರು ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಹೊರಬಂದರು. ಐವತ್ತೆಂಟರ ಗಟ್ಟಿ ಆಳು. ಉಡುಪಿಯ ಕಡೆಯಿಂದ ಹದಿನಾರಕ್ಕೆ ಬಂದವರು. "ಎಂತ ಟೀಚರ್, ಈ ಹೊತ್ತಲ್ಲಿ? ಬನ್ನಿ, ಬನ್ನಿ. ಬನ್ಸ್ ಬಿಸಿ ಉಂಟು."

"ಕಾಫಿ ಸಾಕು."

ಅವರು ಮೂಲೆಯ ಮೇಜಿಗೆ ಕರೆದೊಯ್ದರು. ಕಾಫಿ ಬಂತು. ವನಮಾಲಾ ಲೋಟವನ್ನು ಪೂರ್ತಿ ಅಂಗೈಯಲ್ಲಿ ಹಿಡಿದಳು. ಬಿಸಿಯಿದೆಯೆಂದು ತಿಳಿಯಿತು, ಸುಡಲಿಲ್ಲ. ಅದನ್ನು ಕೆಳಗಿಟ್ಟು, ಚೀಲದಿಂದ ಪೆನ್ನು ತೆಗೆದು, ಮೇಜಿನ ಮೇಲಿದ್ದ ಕಾಗದದ ನ್ಯಾಪ್‌ಕಿನ್ನಿನ ಮೂಲೆಯಲ್ಲಿ ಎರಡು ಓರೆ ಗೆರೆ ಎಳೆದಳು.

"ಇದೆಂತ ರಾಯರೇ?"

ರಾಯರು ನೋಡಿದರು. ನೋಡಿ, ಹೆಗಲ ಮೇಲಿನ ಬಟ್ಟೆಯನ್ನು ತೆಗೆದು ಮೇಜಿನ ಮೇಲಿಟ್ಟರು.

"ಪೆನ್ನಿನ ಮಸಿ ಪರೀಕ್ಷೆ ಅಂತ ಪೊಲೀಸರಿಗೆ ಹೇಳಿದ್ರಂತೆ," ಎಂದಳು ವನಮಾಲಾ. "ನನ್ನ ಪೆನ್ನಲ್ಲಿ ಮಸಿ ಸರಿ ಉಂಟಾ?"

"ಮೆಲ್ಲ ಮಾತಾಡಿ ಟೀಚರ್."

"ಮೆಲ್ಲವೇ ಮಾತಾಡ್ತಾ ಇದ್ದೇನೆ."

ಅದು ನಿಜ. ಗದರುವ ಶಕ್ತಿಯೂ ಅವಳಲ್ಲಿರಲಿಲ್ಲ.

"ಅವ ಕೇಳಿದ, ಇದೆಂತ ಅಂತ," ರಾಯರು ನ್ಯಾಪ್‌ಕಿನ್ನನ್ನು ಮಡಚಿದರು, ಮತ್ತೆ ಮಡಚಿದರು. "ನಕಲು ಅಂತ ಹೇಳಿದ್ದಿದ್ರೆ ಮುಂದಿನ ಪ್ರಶ್ನೆ ಎಂತ ಬರ್ತಿತ್ತು? ಹಾಗಾದ್ರೆ ಬರೆದದ್ದು ಯಾರು? ನಾನು ಅಂತ ಹೇಳ್ಬೇಕಿತ್ತಾ? ಪೊಲೀಸ್ ಠಾಣೆಯಲ್ಲಿ, ಮರಾಠಿಯಲ್ಲಿ, ಸಹಿ ಹಾಕಿ?"

"ಕಥೆ ಅಂತ ಹೇಳ್ಬಹುದಿತ್ತು. ತರಗತಿಯಲ್ಲಿ ಬರೆಸಿದ ಕಥೆ."

"ಕಥೆ ಆಗಿದ್ರೆ ಹೇಳ್ತಿದ್ದೆ ಟೀಚರ್."

ಅಡುಗೆಮನೆಯಿಂದ ರಾಯರ ಹೆಂಡತಿಯ ದನಿ ಕೇಳಿಸಿತು. ಅಕ್ಕಿ ನೆನೆಹಾಕಿದ್ದು ಸಾಕೇ ಎಂದು ಯಾರನ್ನೋ ವಿಚಾರಿಸುತ್ತಿದ್ದರು. ರಾಯರು ಅತ್ತ ತಿರುಗಲಿಲ್ಲ.

"ನೀವೇ ಹೇಳಿದ್ದಲ್ವಾ, ನಿಮಗೆ ಗೊತ್ತಿರುವುದನ್ನು ಬರೀರಿ, ಗೊತ್ತಿಲ್ಲದ್ದಕ್ಕೆ ಕೈ ಹಾಕ್ಬೇಡಿ ಅಂತ. ನಾನು ಬರೆದೆ. ಬರೆದ ಮೇಲೆ ಹೆದರಿಕೆ ಆಯ್ತು. ಮೂವತ್ತೈದು ವರ್ಷ ಒಳಗೆ ಇದ್ದದ್ದು ಹೀಗೆ ಹತ್ತು ಸಾಲಲ್ಲಿ ಹೊರಗೆ ಬರ್ತದೆ ಅಂತ ಗೊತ್ತಿರ್ಲಿಲ್ಲ. ನಿಮ್ಮ ಫೈಲಿಗೆ ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ. ಎರಡೂ ಹಾಳೆ ಕಿಸೆಗೆ ಹಾಕಿಕೊಂಡು ಬಂದೆ. ನನ್ನದನ್ನು ಆ ರಾತ್ರಿಯೇ ಒಲೆಗೆ ಹಾಕಿದೆ."

"ಅವರದ್ದನ್ನು ಹಾಕ್ಲಿಲ್ಲ."

"ಇಲ್ಲ."

"ಯಾಕೆ?"

ರಾಯರು ಗಲ್ಲಾದತ್ತ ನೋಡಿದರು. "ಎಂಥ ಚಂದದ ಅಕ್ಷರ ಮಾರಾಯ್ರೆ. ನನ್ನ ಮಾತು ಅಷ್ಟು ಚಂದ ಕಂಡದ್ದು ಅದೇ ಮೊದಲು. ಗಲ್ಲಾದ ಡ್ರಾಯರಲ್ಲಿ, ಬಿಲ್ ಪುಸ್ತಕದ ಅಡಿಯಲ್ಲಿ ಇಟ್ಟುಕೊಂಡೆ. ದಿನಕ್ಕೆ ಒಂದು ಸಲ ತೆಗೆದು ಓದ್ತಿದ್ದೆ."

ಬೇರೆ ದಿನವಾಗಿದ್ದರೆ ಈ ಮಾತನ್ನು ಅವಳು ಬರೆದಿಟ್ಟುಕೊಳ್ಳುತ್ತಿದ್ದಳು. ಇಷ್ಟು ವರ್ಷಗಳ ಪಾಠದಲ್ಲಿ ಇದಕ್ಕಿಂತ ದೊಡ್ಡ ಮೆಚ್ಚುಗೆಯನ್ನು ಯಾವ ವಿದ್ಯಾರ್ಥಿಯೂ ಯಾವ ನಕಲುಗಾರನಿಗೂ ಕೊಟ್ಟಿರಲಿಲ್ಲ. ಆದರೆ ಅವಳ ತಲೆಯಲ್ಲಿ ಒಂದೇ ಒಂದು ಪ್ರಶ್ನೆ, ತಣ್ಣಗೆ, ತನ್ನ ಸರದಿಗಾಗಿ ಕಾದು ನಿಂತಿತ್ತು.

"ನಿಮ್ಮ ಡ್ರಾಯರಲ್ಲಿ ಇದ್ದದ್ದು ಅವರ ಅಂಗಿಯ ಕಿಸೆಗೆ ಹೇಗೆ ಹೋಯ್ತು?"

ರಾಯರ ಕೈಯಲ್ಲಿನ ನ್ಯಾಪ್‌ಕಿನ್ನು ಇನ್ನು ಮಡಚಲಾಗದಷ್ಟು ಚಿಕ್ಕದಾಗಿತ್ತು.

"ನಾನೇ ಕೊಟ್ಟೆ."

"ಅನಂತರಾಮರಿಗೆ?"

"ಅವರಿಗಲ್ಲ." ರಾಯರು ತಲೆ ಎತ್ತಿದರು. "ಅವರ ಮನೆಯವರಿಗೆ. ಸುಬ್ಬಲಕ್ಷ್ಮಿ ಅಮ್ಮನಿಗೆ."

ಹೊರಗೆ ರಿಕ್ಷಾವೊಂದು ಹಾರ್ನು ಒತ್ತಿ ಹಿಡಿದಿತ್ತು. ಅದು ನಿಂತ ಮೇಲೆ ವನಮಾಲಾ ಕೇಳಿದಳು.

"ಯಾವತ್ತು?"

"ಅದೇ ಶುಕ್ರವಾರ. ಅವರು ಹೋದದ್ದರ ಹಿಂದಿನ ದಿನ. ಕೈಯಲ್ಲಿ ತರಕಾರಿ ಚೀಲ ಇತ್ತು. ನಗ್ತಾ ಬಂದ್ರು. ಇವರು ಬರೆದದ್ದು ನಿಮ್ಮ ಹತ್ರ ಇದೆಯಂತೆ, ಮನೇಲಿ ನನಗೆ ಒಂದು ಸಾಲೂ ತೋರಿಸಲ್ಲ, ಕೊಡಿ ರಾಯರೇ, ಕದ್ದು ಓದ್ತೀನಿ, ಅಂದ್ರು. ನಾನು ಅನಂತರಾಮರಿಗೆ ಹೇಳಿದ್ದುಂಟು, ನಿಮ್ಮ ಹಾಳೆ ನನ್ನ ಹತ್ರ ಜೋಪಾನ ಉಂಟು ಅಂತ. ಅವರು ಮನೆಯಲ್ಲಿ ಹೆಮ್ಮೆಯಿಂದ ಹೇಳಿರಬೇಕು. ಇಲ್ಲ ಅನ್ಲಿಕ್ಕೆ ಬಾಯಿ ಬರ್ಲಿಲ್ಲ."

"ಅದು ಅವರ ಮಾತಲ್ಲ ಅಂತ ಹೇಳ್ಲಿಲ್ಲ."

"ಹೇಳ್ಲಿಲ್ಲ."

"ಗೆರೆ ಎಂತಕ್ಕೆ ಅಂತಲೂ ಹೇಳ್ಲಿಲ್ಲ."

"ಇಲ್ಲ ಟೀಚರ್." ರಾಯರ ದನಿ ಒಡೆಯಿತು. "ಇಲ್ಲೇ ಕೂತು ಓದಿದ್ರು. ನೀವು ಕೂತ ಕುರ್ಚಿಯಲ್ಲೇ. ನಾನು ಗಲ್ಲಾದಿಂದ ನೋಡ್ತಾ ಇದ್ದೆ. ಒಮ್ಮೆ ಓದಿದ್ರು, ಮತ್ತೊಮ್ಮೆ ಓದಿದ್ರು. ಕಾಫಿ ಹಾಗೇ ಇತ್ತು. ಎದ್ದು ಬಂದು ಎಷ್ಟಾಯ್ತು ಅಂತ ಕೇಳಿದ್ರು. ಅಷ್ಟೇ. ಆಗ ನಾನು ಒಂದು ಮಾತು, ಒಂದೇ ಒಂದು ಮಾತು... ಅಷ್ಟರಲ್ಲಿ ಒಳಗಿಂದ ಇವಳು ಕರೆದಳು."

ವನಮಾಲಾಳ ಕಿವಿಯಲ್ಲಿ ಬಾಗಿಯ ಮಾತು ಹಾದುಹೋಯಿತು. ಚಿಟ್ಠಿ ಮೊದಲ ನೋಡೇ ಇಲ್ಲ.

ನೋಡಿದ್ದರು. ಹೋಟೆಲಿನ ಈ ಮೂಲೆಯಲ್ಲಿ, ಎರಡು ಸಲ.

"ಪೊಲೀಸರಿಗೆ ಹೇಳ್ತೀರಾ?" ರಾಯರು ಕೇಳಿದರು.

"ಹೇಳ್ಲೇಬೇಕಾಗ್ತದೆ. ನಿಮ್ಮ ಹೆಸರೂ ಬರ್ತದೆ."

ಅವರು ತಲೆಯಾಡಿಸಿದರು. ವಾದಿಸಲಿಲ್ಲ. "ಇವತ್ತು ಒಂದು ದಿನ ಬಿಡಿ. ನನ್ನ ಹೆಂಡತಿಗೆ ಬೇರೆ ಯಾರಿಂದಲೋ ಗೊತ್ತಾಗುವುದು ಬೇಡ. ನಾನೇ ಓದಿ ಹೇಳ್ತೇನೆ. ಬಾಯಿಪಾಠ ಉಂಟು."

*

ಕಲ್ಯಾಣದ ನಿಲ್ದಾಣದಿಂದ ರಿಕ್ಷಾ ಹಿಡಿಯುವಾಗ ಐದೂವರೆ. ದಾರಿಯುದ್ದಕ್ಕೂ ವನಮಾಲಾ ಎರಡು ವಾಕ್ಯಗಳನ್ನು ಮನಸ್ಸಿನಲ್ಲಿ ಕಟ್ಟಿದಳು, ಕೆಡವಿದಳು.

ಪತ್ರ ಅನಂತರಾಮರದೇ ಎಂದರೆ, ಗಂಡ ತನ್ನನ್ನು ತೊರೆದು ಹೋದನೆಂಬ ನೋವಿನಲ್ಲೇ ಆ ಹೆಂಗಸಿನ ಉಳಿದ ಆಯುಷ್ಯ ಕಳೆಯುತ್ತದೆ. ಅವರದಲ್ಲ ಎಂದರೆ ಸಮಾಧಾನವಾಗಬೇಕು. ಆದರೆ ಯಾರೋ ಬರೆದ ಹತ್ತು ಸಾಲನ್ನು ಗಂಡನ ಮಾತೆಂದು ನಂಬಿ ಮನೆಗೆ ಬಂದ ಹೆಂಗಸು, ಆ ಶುಕ್ರವಾರ ರಾತ್ರಿಯಿಂದ ಶನಿವಾರ ಸಂಜೆಯವರೆಗೆ ಏನು ಮಾಡಿದ್ದರು? ಹಾಳೆ ಅವರ ಕೈಯಿಂದ ಗಂಡನ ಕಿಸೆಗೆ ಯಾವಾಗ ಹೋಯಿತು?

ವಿದ್ಯಾರ್ಥಿಗಳಿಗೆ ಅವಳು ಸದಾ ಹೇಳುತ್ತಿದ್ದಳು: ಪಾತ್ರ ಸುಳ್ಳು ಹೇಳಿದರೆ ಯಾಕೆಂದು ಮೊದಲು ಕೇಳಿ, ಆಮೇಲೆ ಮುಂದಿನ ಸಾಲು ಬರೆಯಿರಿ. ಈಗ ಅವಳಿಗೆ ಆ ಪ್ರಶ್ನೆಯನ್ನು ಕೇಳುವ ಧೈರ್ಯವಿರಲಿಲ್ಲ. ಹೆದರಿಕೆಯೂ ಇರಲಿಲ್ಲ. ರಿಕ್ಷಾದ ಮೀಟರು ಓಡುವುದನ್ನು ನೋಡುತ್ತ ಕುಳಿತಳು.

ಏಳನೆಯ ಮಾಳಿಗೆಯ ಬಾಗಿಲನ್ನು ಸುಬ್ಬಲಕ್ಷ್ಮಿಯೇ ತೆರೆದರು. ಬೆಂಗಳೂರಿನಿಂದ ಬಂದಿದ್ದ ನೆಂಟರು ನಾಡಿದ್ದಿನ ಕರ್ಮಕ್ಕೆ ಸಾಮಾನು ತರಲು ಹೋಗಿದ್ದರಂತೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ನೋಡಿದ್ರಾ?" ಕೂರಿ ಎಂದೂ ಹೇಳದೆ ಕೇಳಿದರು.

"ನೋಡಿದೆ ಅಮ್ಮ."

"ಹೇಳ್ಬಿಡಿ."

ಕಟ್ಟಿಟ್ಟುಕೊಂಡು ಬಂದಿದ್ದ ಎರಡು ವಾಕ್ಯಗಳೂ ವನಮಾಲಾಳ ಬಾಯಿಗೆ ಬರಲಿಲ್ಲ. ಇದ್ದದ್ದನ್ನಷ್ಟೇ ಹೇಳಿದಳು.

"ಅಕ್ಷರ ಅವರದ್ದು. ಮಾತು ಅವರದ್ದಲ್ಲ. ತರಗತಿಯಲ್ಲಿ ಪಕ್ಕದವರು ಬರೆದದ್ದನ್ನು ನೋಡಿ ನಕಲು ಮಾಡಿದ್ದು. ಪ್ರತಿ ವಾರ ಎಲ್ಲರೂ ಹಾಗೆ ಮಾಡ್ತಾರೆ, ನಾನೇ ಮಾಡಿಸುವುದು. ಅದರಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲ ಅಮ್ಮ. ನಿಮ್ಮನ್ನು ಬಿಟ್ಟು ಹೋಗುವ ಯೋಚನೆ ಅವರಿಗೆ ಇದ್ದದ್ದಕ್ಕೆ ಆ ಕಾಗದ ಸಾಕ್ಷಿ ಅಲ್ಲ."

ಸುಬ್ಬಲಕ್ಷ್ಮಿ ಅಳಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

"ಹಾಗಾದ್ರೆ," ಎಂದರು ಕೊನೆಗೆ, "ಅದು ನನ್ನ ಮಾತಲ್ಲ ಅಂತ ಅವರು ಹೇಳಿದ್ದು ನಿಜ."

ವನಮಾಲಾ ಕೈಯಲ್ಲಿದ್ದ ಚೀಲವನ್ನು ನಿಧಾನವಾಗಿ ನೆಲದ ಮೇಲಿಟ್ಟಳು.

"ಯಾವಾಗ ಹೇಳಿದ್ರು ಅಮ್ಮ?"

ಸುಬ್ಬಲಕ್ಷ್ಮಿ ತಮ್ಮ ಬಲಗೈಯನ್ನು ಎತ್ತಿ, ಅದು ಇನ್ನಾರದೋ ಎಂಬಂತೆ, ಹಿಂದೆಮುಂದೆ ತಿರುಗಿಸಿ ನೋಡಿಕೊಂಡರು.

"ಮೇಲೆ, ಟೆರೇಸಲ್ಲಿ," ಎಂದರು. "ನನ್ನ ಕೈಯಿಂದ ಅವರ ಕೈ ಜಾರೋ ಮುಂಚೆ."